ಎರಡು ಟಿನ್ ಪೆಟ್ರೋಲು, ಒಂದು ಅಳಿವೆ

ಗುಂಡ್ಲುಪೇಟೆ

ಈ ಪ್ರಯಾಣದ ಟಿಪ್ಪಣಿ ಪುಸ್ತಕ ಈಗಲೂ ನನ್ನ ಮೇಜಿನ ಮೇಲಿದೆ. ನಡುವಿನ ನಾಲ್ಕು ಹಾಳೆಗಳು ಉಪ್ಪುನೀರು ಕುಡಿದು ಸೆಟೆದುಕೊಂಡಿವೆ. ಪೆನ್ಸಿಲಿನಲ್ಲಿ ಬರೆದದ್ದರಿಂದ ಅಕ್ಷರ ಉಳಿದಿದೆ. ಅದರಲ್ಲಿರುವುದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಆಗ ನಾನು ಚಾಮರಾಜನಗರದಲ್ಲಿದ್ದುಕೊಂಡು ಮೈಸೂರಿನ ಒಂದು ಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದೆ. ಗುಂಡ್ಲುಪೇಟೆಯ ಅಬ್ದುಲ್ ಗಫಾರ್ ನನ್ನ ಮಿಡ್ಲ್ ಸ್ಕೂಲಿನ ಜೊತೆಗಾರ. ಊರ ಹೊರಗೆ ಊಟಿ ರಸ್ತೆಯ ಪಕ್ಕ ಅವನ ಲಾರಿ ರಿಪೇರಿ ಷೆಡ್ಡು. ಘಟ್ಟ ಹತ್ತಿ ಕುದಿಯುತ್ತ ಬಂದ ಲಾರಿಗಳೆಲ್ಲ ಒಂದು ಕಾಲದಲ್ಲಿ ಅಲ್ಲಿ ನಿಂತೇ ಮುಂದೆ ಹೋಗುತ್ತಿದ್ದವು. ಈಚೆಗೆ ಹೊಸ ಲಾರಿಗಳು ಬಂದು ನಿಲ್ಲದೆ ನೇರ ಮೈಸೂರಿಗೆ ಓಡುತ್ತಿದ್ದವು. ಮೈಸೂರಿನಲ್ಲಿ ದೊಡ್ಡ ವರ್ಕ್‌ಷಾಪು ಹಾಕಿದ್ದವನು ಗಫಾರನ ಕೈಕೆಳಗೇ ಸ್ಪ್ಯಾನರು ಹಿಡಿಯಲು ಕಲಿತವನು. ಅವನು ಗಫಾರನನ್ನು ಫಿಟ್ಟರ್ ಕೆಲಸಕ್ಕೆ ಕರೆದಿದ್ದ.

"ನನ್ ಹತ್ರ ಕಲ್ತೋನ ಹತ್ರ ನಾನು 'ಬಂದೆ ಸಾರ್' ಅನ್ಬೇಕಾ ರಾಜಣ್ಣ?" ಎಂದು ಗಫಾರ್ ಕೇಳಿದ. ಅವನು ಉತ್ತರಕ್ಕಾಗಿ ಕೇಳಿರಲಿಲ್ಲ.

ಅವನಿಗೆ ಬೇರೊಂದು ದಾರಿ ಕಂಡಿತ್ತು. ಪೊನ್ನಾನಿಯ ಮರದ ವ್ಯಾಪಾರಿ ಅವರಾನ್ ಹಾಜಿಯವರ ಲಾರಿಗಳನ್ನು ಗಫಾರ್ ಹತ್ತು ವರ್ಷ ನೋಡಿಕೊಂಡಿದ್ದ. ಹಾಜಿಯವರಿಗೆ ದೋಣಿಗಳೂ ಇದ್ದವು. ಯುದ್ಧಕಾಲದ ಮಿಲಿಟರಿ ಲಾರಿಯೊಂದರ ಎಂಜಿನ್ನನ್ನು ದೋಣಿಗೆ ಕೂರಿಸಬಹುದೆಂದು ಗಫಾರ್ ಹೇಳಿದ್ದ. ಎರಡು ತಿಂಗಳು ಅಲ್ಲೇ ಇದ್ದು ಕೂರಿಸಿಯೂ ಬಂದಿದ್ದ. ಈಗ ಪರೀಕ್ಷೆ. ಪೊನ್ನಾನಿಯಿಂದ ದಕ್ಷಿಣಕ್ಕೆ, ಸಮುದ್ರದ ಮಗ್ಗುಲಲ್ಲೇ ಸಾಗುವ ಕಾಲುವೆ ಹಿನ್ನೀರುಗಳ ದಾರಿಯಲ್ಲಿ, ಕೊಡುಂಗಲ್ಲೂರಿನ ಹತ್ತಿರದ ಕೋಟ್ಟಪ್ಪುರಂ ಸಂತೆಕಟ್ಟೆ ತಲುಪಬೇಕು. ಹಾಜಿಯವರ ಷರತ್ತು ಮೂರು: ಎರಡು ಟಿನ್ ಪೆಟ್ರೋಲಿಗಿಂತ ಹೆಚ್ಚು ಸುಡಬಾರದು, ಶುಕ್ರವಾರ ಜುಮ್ಮಾ ನಮಾಜಿಗೆ ಮುಂಚೆ ಮುಟ್ಟಬೇಕು, ದಾರಿಯಲ್ಲಿ ಯಾರೂ ಗಳ ಹಾಕಿ ದೋಣಿ ನೂಕಬಾರದು. ಗೆದ್ದರೆ ಹಾಜಿಯವರ ಅಷ್ಟೂ ದೋಣಿಗಳಿಗೆ ಎಂಜಿನ್ನು, ಗಫಾರನೇ ಅದರ ಮೇಸ್ತ್ರಿ. ಸೋತರೆ ಎಂಜಿನ್ನು ದಡಕ್ಕೆ, ಗಫಾರ್ ಮೈಸೂರಿಗೆ.

"ಸಾಕ್ಷಿಗೆ ಒಬ್ಬರು ಬೇಕಂತೆ. ಪೇಪರ್‌ನೋರು ಇದ್ದಾರೆ, ಕಂಡಿದ್ದು ಬಿಟ್ರೆ ಬೇರೆ ಬರೆಯಲ್ಲ ಅಂದೆ. ಹಾಜಿ ಒಪ್ಪಿದ್ರು."

ಹೀಗೆ ನಾನು ಹೊರಟೆ. ಮೂರನೆಯವನು ಹಂಗಳದ ಪುಟ್ಟಮಾದಪ್ಪ, ಗಫಾರನ ಗೆಳೆಯ, ಹೊಲ ಗಾಡಿ ಎರಡೂ ಇದ್ದವನು. ಅವನು ಬಂದದ್ದು ಸಮುದ್ರ ನೋಡಲು. ಒಂದು ಚೀಲ ರಾಗಿಹಿಟ್ಟು, ಹಾಸಿಗೆಯ ಸುರುಳಿ, ಅದಕ್ಕೆ ಸುತ್ತಿದ ಉದ್ದನೆಯ ಹಗ್ಗ, ಇಷ್ಟು ಅವನ ಸಾಮಾನು. ರಾಜ್ಯಗಳಿಗೆ ಆಗಿನ್ನೂ ಈಗಿನ ಗಡಿ ಬಂದಿರಲಿಲ್ಲ. ಮಲಬಾರು ಮದ್ರಾಸಿಗೆ ಸೇರಿತ್ತು, ಅದರಾಚೆ ತಿರುವಾಂಕೂರು-ಕೊಚ್ಚಿ. ನಮ್ಮ ಕಡೆಯವರ ಬಾಯಲ್ಲಿ ಘಟ್ಟ ಇಳಿದರೆ ಪರದೇಶವೇ.

ಪೊನ್ನಾನಿ

ದೋಣಿ ನಮ್ಮ ಮೂರು ಎತ್ತಿನಗಾಡಿಗಳನ್ನು ಸಾಲಾಗಿ ನಿಲ್ಲಿಸಿದಷ್ಟು ಉದ್ದವಿತ್ತು. ಮೇಲೆ ಬಿದಿರಿನ ಚಾಪೆಯ ಕಮಾನು, ನಡುವೆ ಎಂಜಿನ್ನು. ಗಫಾರ್ ಲಾರಿಯ ಸ್ಟೀರಿಂಗ್ ಚಕ್ರವನ್ನೇ ತಂದು, ತಂತಿ ಎಳೆದು, ಹಿಂದಿನ ಚುಕ್ಕಾಣಿಗೆ ಜೋಡಿಸಿದ್ದ. ಪಕ್ಕದಲ್ಲಿ ಹಾರನ್ನೂ ಇತ್ತು.

"ದೋಣಿಗ್ಯಾಕ್ಲಾ ಆರನ್ನು?" ಎಂದ ಮಾದಪ್ಪ.

"ತಿರುವಿನಲ್ಲಿ ಎದುರು ಬರೋನಿಗೆ ಗೊತ್ತಾಗ್ಬೇಡ್ವೇನ್ಲಾ?"

ದಾರಿ ತೋರಿಸಲು ಹಾಜಿಯವರು ಕಳಿಸಿದ್ದವನು ವೇಲಾಯುಧನ್. ಅರವತ್ತು ದಾಟಿದ ಅಂಬಿಗ, ತೆಳು ಮೈ, ಮಾತು ಕಡಿಮೆ. ಮಲಯಾಳ ಬಿಟ್ಟರೆ ಅವನಿಗೆ ಬೇರೆ ಭಾಷೆ ಬಾರದು. ಲಾರಿಯವರ ಜೊತೆ ಬೆಳೆದ ಗಫಾರನಿಗೆ ಮಲಯಾಳ ನೀರು ಕುಡಿದ ಹಾಗೆ. ಹೀಗಾಗಿ ವೇಲಾಯುಧನ್ ಹೇಳಿದ್ದೆಲ್ಲ ನಮಗೆ ಗಫಾರನ ಬಾಯಿಂದಲೇ ಬರಬೇಕಿತ್ತು. ಇದನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಗುರುವಾರ ಹೊರಡುವ ಮುಂಚೆಯೇ ಒಂದು ಚರ್ಚೆಯಾಯಿತು. ಶುಕ್ರವಾರ ಅಮಾವಾಸ್ಯೆ, ಒಂದು ದಿನ ತಡೆದು ಹೋಗುವುದು ಒಳ್ಳೆಯದು ಎಂದು ವೇಲಾಯುಧನ್ ಹೇಳಿದನಂತೆ. ಮಾದಪ್ಪ ತಕ್ಷಣ ಅವನ ಪಕ್ಷ ಸೇರಿದ.

"ಆವಯ್ಯ ಏಳೋದು ಸರಿ ಕಣ್ಲಾ. ನಮ್ಮೂರಲ್ಲೂ ಅಮಾಸೆ ದಿನ ಗಾಡಿ ಕಟ್ಟಾಕಿಲ್ಲ."

ಗಫಾರ್ ನಕ್ಕ. "ಅಮಾವಾಸ್ಯೆ ದಿನ ಲಾರಿ ಮುಂದೆ ನಿಂಬೆಹಣ್ಣು ಇಟ್ಟು ಹತ್ತಿಸೋರನ್ನ ಎಷ್ಟು ಜನ ನೋಡಿಲ್ಲ. ನಿಂಗೆ ಬೇಕಿದ್ರೆ ಒಂದು ತೆಂಗಿನಕಾಯಿ ಹೊಡಿ. ತಡೆದ್ರೆ ಶುಕ್ರವಾರದ ಷರತ್ತು ಹೋಯ್ತು. ಎಂಜಿನ್ನಿಗೆ ಅಮಾವಾಸ್ಯೆ ಗೊತ್ತಿಲ್ಲ."

ವೇಲಾಯುಧನ್ ಇನ್ನೂ ಏನೋ ಹೇಳಲು ಬಾಯಿ ತೆರೆದವನು ಸುಮ್ಮನಾದ. ಅವನು ಹೇಳುತ್ತಿದ್ದದ್ದು ದೇವರ ಮಾತಲ್ಲ, ನೀರಿನ ಮಾತು ಎಂದು ನಮಗೆ ತಿಳಿದದ್ದು ಮರುದಿನ. ನಮ್ಮ ಕೆರೆಗಳಲ್ಲಿ ನೀರು ಮಳೆಗೆ ಏರುತ್ತದೆ, ಬಿಸಿಲಿಗೆ ಇಳಿಯುತ್ತದೆ. ದಿನಕ್ಕೆರಡು ಸಲ ಏರಿ ಇಳಿಯುವ ನೀರು, ಅದೂ ಅಮಾವಾಸ್ಯೆಯಲ್ಲಿ ಜೋರಾಗಿ ಎಳೆಯುವ ನೀರು, ನಮ್ಮ ಅನುಭವದಲ್ಲಿ ಇರಲಿಲ್ಲ.

ಭಾರ ಕಡಿಮೆಯಾದರೆ ಪೆಟ್ರೋಲು ಉಳಿಯುತ್ತದೆಂದು ಗಫಾರ್ ಕೆಲವು ಸಾಮಾನುಗಳನ್ನು ದಡಕ್ಕೆ ಇಳಿಸಿದ. ನನ್ನ ಟಿಪ್ಪಣಿಯಲ್ಲಿ ಹೀಗಿದೆ: "ಇಳಿಸಿದ್ದು: ಎರಡು ಹಲಗೆ, ಒಂದು ನೀರಿನ ಹಂಡೆ, ಕಬ್ಬಿಣದ ಲಂಗರು, ಎರಡು ಗಳ. ಉಳಿಸಿದ್ದು: ಒಂದು ಗಳ." ಬರೆಯುವಾಗ ನನಗೂ ಅದರಲ್ಲಿ ಏನೂ ತಪ್ಪು ಕಾಣಲಿಲ್ಲ.

ವೆಳಿಯಂಗೋಡು

ಮೊದಲ ದಿನ ಹಬ್ಬದಂತೆ ಕಳೆಯಿತು. ಎರಡು ಕಡೆಯೂ ತೆಂಗು, ನಡುವೆ ಹಸಿರು ನೀರಿನ ಕಾಲುವೆ. ನಮ್ಮಲ್ಲಿ ಮನೆಗಳು ರಸ್ತೆಗೆ ಮುಖ ಮಾಡಿದ್ದರೆ ಇಲ್ಲಿ ನೀರಿಗೆ ಮುಖ ಮಾಡಿವೆ. ಹೆಂಗಸರು ಮೆಟ್ಟಿಲ ಮೇಲೆ ಕೂತು ಪಾತ್ರೆ ತೊಳೆಯುತ್ತಲೇ ದೋಣಿಯವರ ಜೊತೆ ವ್ಯಾಪಾರ ಮುಗಿಸುತ್ತಾರೆ. ಪ್ರತಿ ತಿರುವಿನಲ್ಲೂ ಗಫಾರ್ ಹಾರನ್ ಒತ್ತಿದ. ಎದುರು ಬಂದ ದೋಣಿಯವರು ಬದಿಗೆ ಸರಿಯಲಿಲ್ಲ. ಎದ್ದು ನಿಂತು ಕೈಮುಗಿದರು. ಮದುವೆ ದಿಬ್ಬಣವೆಂದು ತಿಳಿದಿದ್ದರಂತೆ.

ಒಂದು ಕಡೆ ತೆಂಗಿನ ಸಿಪ್ಪೆಯನ್ನು ನೀರಿನಲ್ಲಿ ಹೂತು ಕೊಳೆಹಾಕಿದ್ದರು. ಆ ವಾಸನೆಗೆ ನಾವು ಮೂಗು ಮುಚ್ಚಿಕೊಂಡರೆ, ದಡದಲ್ಲಿ ಹೆಂಗಸರು ಸಾಲಾಗಿ ಕೂತು ಕೊಳೆತ ಸಿಪ್ಪೆಯನ್ನು ಬಡಿಯುತ್ತ ಹಾಡುತ್ತಿದ್ದರು. ಅಲ್ಲಿಯ ನಾರಿನ ಹಗ್ಗವನ್ನು ಮಾದಪ್ಪ ಕೈಯಲ್ಲಿ ಹಿಡಿದು ನೋಡಿ ಮುಖ ಸಿಂಡರಿಸಿದ.

"ಮುಳ್ಳಂದಿ ಮೈ ಇದ್ದಂಗದೆ. ನಂದು ನೋಡು, ಒಲದ ಬದೀಲಿ ಬೆಳ್ದ ಸೆಣಬು, ನಾನೇ ಒಸ್ದಿದ್ದು."

ವೇಲಾಯುಧನ್ ಅವನ ಹಗ್ಗವನ್ನು ಮುಟ್ಟಿ, ನೀರಿನ ಕಡೆ ಕೈ ತೋರಿಸಿ, ಬೆರಳಿನಿಂದ ಕೊಳೆಯುವ ಸನ್ನೆ ಮಾಡಿದ. ಇಬ್ಬರೂ ನಕ್ಕರು. ಭಾಷೆಯಿಲ್ಲದೆ ಅವರಿಬ್ಬರೂ ಇಡೀ ದಿನ ಜಗಳವಾಡಿಕೊಂಡೇ ಬಂದರು.

ಗಂಟೆಗೊಮ್ಮೆ ನಾನು ಗೆರೆ ಕೊರೆದ ಕಡ್ಡಿಯನ್ನು ಪೆಟ್ರೋಲ್ ಟಿನ್ನಿಗೆ ಇಳಿಸಿ ಅಳತೆ ಬರೆದುಕೊಳ್ಳುತ್ತಿದ್ದೆ. ವೆಳಿಯಂಗೋಡಿನ ಹತ್ತಿರ ಬಂದಾಗ ಲೆಕ್ಕ ಚೆನ್ನಾಗಿ ಕಾಣಲಿಲ್ಲ. ಇದೇ ರೀತಿ ಸುಟ್ಟರೆ ಕೋಟ್ಟಪ್ಪುರಂಗೆ ಮೊದಲೇ ಎರಡನೆಯ ಟಿನ್ನು ಬರಿದಾಗುತ್ತಿತ್ತು. ಗಫಾರ್ ಕಡ್ಡಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಎರಡು ಸಲ ನೋಡಿದ. ಆಮೇಲೆ ನೀರಿನ ಕಡೆ ನೋಡಿದ. ನೀರು ನಾವು ಹೋಗುವ ದಿಕ್ಕಿಗೇ ಹರಿಯುತ್ತಿತ್ತು.

"ಇಳಿಜಾರು" ಎಂದ. ಎಂಜಿನ್ನು ನಿಲ್ಲಿಸಿದ.

ಘಟ್ಟ ಇಳಿಯುವಾಗ ಲಾರಿಯವರು ಎಂಜಿನ್ನು ಬಂದ್ ಮಾಡಿ ಬರಿಯ ಬ್ರೇಕಿನ ಮೇಲೆ ಇಳಿಸಿಬಿಡುವುದನ್ನು ನಮ್ಮ ಕಡೆ ಕಾಣದವರಿಲ್ಲ. ಪೆಟ್ರೋಲು ಉಳಿಸುವುದಕ್ಕೆ ಅದೊಂದು ವಿದ್ಯೆ. ಒಳ್ಳೆಯ ಡ್ರೈವರನ್ನು ಅಳೆಯುವುದೇ ಅದರಿಂದ. ಇಲ್ಲೂ ಅದು ಕೆಲಸ ಮಾಡಿತು. ಅರ್ಧ ಗಂಟೆ ಸದ್ದಿಲ್ಲದೆ ತೇಲಿದೆವು. ಕೊಕ್ಕರೆ ಹಾರುವ ಸದ್ದೂ ಕೇಳಿಸಿತು. ದೋಣಿ ಒಂದೆರಡು ಸಲ ದಡಕ್ಕೆ ಉಜ್ಜಿದಾಗ ವೇಲಾಯುಧನ್ ಕಾಲಿನಿಂದ ಒದ್ದು ದೂರ ಮಾಡಿದ. ಗಳ ಮುಟ್ಟಲಿಲ್ಲ. ಷರತ್ತು ಮುರಿಯಲಿಲ್ಲ.

ಟಿಪ್ಪಣಿ: "ಎಂಜಿನ್ನು ಅರ್ಧ ಗಂಟೆ ಆಫ್. ಪೆಟ್ರೋಲು ಉಳಿಯಿತು."

ಚಾವಕ್ಕಾಡು

ಸಂಜೆ ಚಾವಕ್ಕಾಡಿನ ದಡದಲ್ಲಿ ದೋಣಿ ಕಟ್ಟಿದೆವು. ಮಾದಪ್ಪ ದೋಣಿಯ ಮಣ್ಣೊಲೆಯ ಮೇಲೆ ಮುದ್ದೆ ಕೂಡಿಸಿದ. ಸುತ್ತಲೂ ಇಷ್ಟು ನೀರಿದ್ದರೂ ಎಸರಿಗೆ ಒಂದು ಕೊಡ ಸಿಹಿನೀರನ್ನು ಬೇಡಿ ತರಬೇಕಾಯಿತು.

"ಕೆರೆ ತುಂಬ ನೀರದೆ, ಕುಡಿಯಕ್ಕೆ ಎಸರಿಗೆ ಇಲ್ಲ. ಎಂತಾ ದೇಸ್ವಪ್ಪ ಇದು."

ನೀರು ಕೊಟ್ಟ ಮನೆಯ ಯಜಮಾನಿ ಮುದ್ದೆಯನ್ನು ನೋಡಲು ಮೆಟ್ಟಿಲ ತನಕ ಬಂದಳು. ಕೈಯಲ್ಲಿ ಹಿಡಿದು ತೂಕ ನೋಡಿ, ಇದನ್ನು ಎಷ್ಟು ಹೊತ್ತು ಅಗಿಯಬೇಕು ಎಂದು ಕೇಳಿದಳಂತೆ. ಅಗಿಯಬಾರದು, ನುಂಗಬೇಕು ಎಂದು ಗಫಾರ್ ಹೇಳಿದಾಗ ಅವಳು ಮುದ್ದೆಯನ್ನು ಮೆಲ್ಲಗೆ ವಾಪಸು ಇಟ್ಟಳು.

ಊಟವಾದ ಮೇಲೆ ಗಫಾರ್ ಕಡ್ಡಿ ಇಳಿಸಿ ಮತ್ತೊಮ್ಮೆ ಪೆಟ್ರೋಲು ಅಳೆದ. ನಾನು ಆಗಲೇ ಅಳೆದು ಬರೆದಿದ್ದೆ. ಎರಡೂ ಒಂದೇ ಆಗಿತ್ತು.

"ನಾಳೆ ಇನ್ನೊಂದು ಅರ್ಧ ಗಂಟೆ ಇಳಿಜಾರು ಸಿಕ್ಕಿದ್ರೆ ಗೆದ್ದೆ ರಾಜಣ್ಣ."

"ಸಿಗದಿದ್ದರೆ?"

"ಸಿಗುತ್ತೆ. ಮುಂದೆ ಚೇಟುವಾ. ಅಲ್ಲಿ ಕಾಲುವೆ ಹೋಗಿ ದೊಡ್ಡ ಹಿನ್ನೀರಿಗೆ ಸೇರುತ್ತೆ. ನೀರು ತಾನಾಗೇ ಆ ಕಡೆ ಇಳೀತದೆ."

ಚೇಟುವಾ

ಕೋಳಿ ಕೂಗುವ ಹೊತ್ತಿಗೆ ಹೊರಟೆವು. ಮೂಡಲು ಕೆಂಪಾಗುವಾಗ ಕಾಲುವೆ ಅಗಲವಾಗುತ್ತ ಬಂತು. ತೆಂಗಿನ ಸಾಲುಗಳು ಎರಡು ಕಡೆಯೂ ಹಿಂದೆ ಸರಿದವು. ಬಲಕ್ಕೆ, ಪಡುವಣ ದಿಕ್ಕಿನಲ್ಲಿ, ತಗ್ಗಾದ ಒಂದು ಬಿಳಿ ಗೆರೆ ಕಂಡಿತು. ಜೊತೆಗೆ ನಿಲ್ಲದ ಒಂದು ಸದ್ದು. ಮಾದಪ್ಪ ಮುಂದಿನ ತುದಿಗೆ ಹೋಗಿ ನಿಂತ.

"ಅದೇನಾ ಸಮುದ್ರ?" ಎಂದು ಕೂಗಿದ.

ಹಿನ್ನೀರು ಸಮುದ್ರಕ್ಕೆ ತೆರೆದುಕೊಳ್ಳುವ ಬಾಯಿ ಅದು, ಅಳಿವೆ. ನಮ್ಮ ದಾರಿ ಆ ಬಾಯಿಯನ್ನು ಬಲಕ್ಕೆ ಬಿಟ್ಟು ನೇರ ದಕ್ಷಿಣಕ್ಕೆ ಹೋಗಬೇಕಿತ್ತು.

ಇಲ್ಲಿಂದ ಟಿಪ್ಪಣಿಯ ಕ್ರಮದಲ್ಲೇ ಹೇಳುತ್ತೇನೆ.

ಆರೂವರೆಗೆ ಸ್ವಲ್ಪ ಮುಂಚೆ ಗಫಾರ್ ನೀರನ್ನು ನೋಡಿದ. ನೀರು ನಮ್ಮನ್ನು ಎಂಜಿನ್ನಿಗಿಂತ ಜೋರಾಗಿ ಒಯ್ಯುತ್ತಿತ್ತು. ಅವನ ಕೈ ಸ್ವಿಚ್ಚಿನ ಕಡೆ ಹೋಯಿತು. ಹಿಂದೆ ಕೂತಿದ್ದ ವೇಲಾಯುಧನ್ ಎದ್ದು ನಿಂತು ಉದ್ದವಾಗಿ ಏನೋ ಹೇಳಿದ. ಎಂಜಿನ್ನಿನ ಸದ್ದಿನಲ್ಲಿ ನನಗೆ ಏನೂ ಹಿಡಿಯಲಿಲ್ಲ.

"ಏನಂತೆ?" ಎಂದು ನಾನು ಗಫಾರನನ್ನು ಕೇಳಿದೆ.

"ಮುಂದೆ ಮೀನಿನ ಬಲೆ ಕಟ್ಟಿದ ಕಂಬ ಇವೆ, ನೋಡ್ಕೊಂಡು ಹೋಗು ಅಂತಾನೆ."

ಎಂಜಿನ್ನು ನಿಂತಿತು.

ಮೊದಲ ಎರಡು ನಿಮಿಷ ಹಿಂದಿನ ದಿನದಂತೆಯೇ ಇತ್ತು. ಮೂರನೆಯ ನಿಮಿಷ ಗಫಾರ್ ಚಕ್ರವನ್ನು ಎಡಕ್ಕೆ ತಿರುಗಿಸಿದ. ದೋಣಿ ತಿರುಗಲಿಲ್ಲ. ಇನ್ನೂ ತಿರುಗಿಸಿದ. ದೋಣಿಯ ಮೂತಿ ನಿಧಾನವಾಗಿ, ಅವನ ಮಾತು ಕೇಳಿಸಲೇ ಇಲ್ಲವೆಂಬಂತೆ, ಬಲಕ್ಕೆ ವಾಲಿತು. ನೀರಿನ ಜೊತೆ ಅದರ ವೇಗದಲ್ಲೇ ತೇಲುವ ದೋಣಿಯ ಚುಕ್ಕಾಣಿಗೆ ಹಿಡಿತ ಸಿಗುವುದಿಲ್ಲ. ಲಾರಿಗಾದರೆ ಎಂಜಿನ್ನು ನಿಂತರೂ ಚಕ್ರದ ಕೆಳಗೆ ರಸ್ತೆ ಇರುತ್ತದೆ, ಬ್ರೇಕೂ ಇರುತ್ತದೆ. ಗಫಾರನ ಬಲಗಾಲು ಹಲಗೆಯ ಮೇಲೆ ಒತ್ತಿ ಒತ್ತಿ ಏನನ್ನೋ ಹುಡುಕುತ್ತಿದ್ದದ್ದನ್ನು ನಾನು ಕಂಡೆ.

ಅವನು ಎದ್ದು ಹ್ಯಾಂಡಲ್ ಹಾಕಿ ತಿರುಗಿಸಿದ. ಎಂಜಿನ್ನು ಕೆಮ್ಮಿತು, ಹತ್ತಲಿಲ್ಲ. ಮತ್ತೆ ತಿರುಗಿಸಿದ. ಕಾದಿದ್ದ ಎಂಜಿನ್ನಿನ ನಳಿಗೆಯಲ್ಲಿ ಪೆಟ್ರೋಲು ಆವಿಯಾಗಿ ಕಟ್ಟಿಕೊಂಡಿತ್ತು. ಲಾರಿಯಾಗಿದ್ದರೆ ಬದಿಗೆ ನಿಲ್ಲಿಸಿ, ಬೀಡಿ ಹಚ್ಚಿ, ಅದು ತಣಿಯುವ ತನಕ ಕೂರುತ್ತಿದ್ದ.

ವೇಲಾಯುಧನ್ ಗಳ ಎತ್ತಿಕೊಂಡ. ಷರತ್ತು ನೆನಪಿಗೆ ಬಂದು ಒಂದು ಗಳಿಗೆ ಗಫಾರನ ಮುಖ ನೋಡಿದ. ಆಮೇಲೆ ಇಳಿಸಿದ. ಗಳ ಪೂರ್ತಿ ಮುಳುಗಿತು, ಅವನ ಮೊಣಕೈ ತನಕ ನೀರಿಗೆ ಹೋಯಿತು, ನೆಲ ಸಿಗಲಿಲ್ಲ. ಅವನು ಗಳವನ್ನು ಮೇಲೆಳೆದು ದೋಣಿಯ ಸುತ್ತಲೂ ಕಣ್ಣಾಡಿಸಿದ. ಏನನ್ನು ಹುಡುಕುತ್ತಿದ್ದಾನೆಂದು ನನಗೆ ತಿಳಿಯಿತು. ಲಂಗರು ಪೊನ್ನಾನಿಯ ದಡದಲ್ಲಿತ್ತು.

ಬಿಳಿ ಗೆರೆ ಈಗ ಗೆರೆಯಾಗಿರಲಿಲ್ಲ. ಅಲೆಗಳು ಎದ್ದು ಮುರಿಯುವುದು ಒಂದೊಂದಾಗಿ ಕಾಣುತ್ತಿತ್ತು. ನಮ್ಮ ಮೂವರಲ್ಲಿ ಈಜು ಬರುತ್ತಿದ್ದದ್ದು ನನಗೊಬ್ಬನಿಗೆ, ಅದೂ ಬಾವಿಯಲ್ಲಿ ಕಲಿತದ್ದು. ನಾನು ಗಡಿಯಾರ ನೋಡಿ ಸಮಯ ಬರೆದೆ. ಅದು ಧೈರ್ಯವಲ್ಲ. ಕೈಗೆ ಬೇರೆ ಕೆಲಸ ಗೊತ್ತಿರಲಿಲ್ಲ.

"ಏ ಗಫಾರಾ, ಆ ಕಂಬ ಗಟ್ಟಿ ಅವೇನ್ಲಾ?" ಮಾದಪ್ಪ ಮುಂದಿನ ತುದಿಯಿಂದ ಕೇಳಿದ.

ಬಲೆ ಕಟ್ಟಲು ನೀರಿನಲ್ಲಿ ನೆಟ್ಟ ತೆಂಗಿನ ಕಂಬಗಳ ಸಾಲು ಎಡಗಡೆ ಹತ್ತಿರವಾಗುತ್ತಿತ್ತು. ಗಫಾರ್ ಹ್ಯಾಂಡಲ್ ಬಿಡದೆ ಮಲಯಾಳದಲ್ಲಿ ಕೇಳಿದ, ವೇಲಾಯುಧನ್ ಹೌದೆಂದು ತಲೆಯಾಡಿಸಿದ. ಅಷ್ಟರಲ್ಲಿ ಮಾದಪ್ಪ ಹಾಸಿಗೆಯ ಹಗ್ಗ ಬಿಚ್ಚಿ ಕುಣಿಕೆ ಮಾಡಿಯಾಗಿತ್ತು. ಹಂಗಳದವರು ದನಗಳನ್ನು ಕಾಡಂಚಿಗೆ ಮೇಯಲು ಬಿಡುತ್ತಾರೆ. ತಿಂಗಳುಗಟ್ಟಲೆ ಅಲ್ಲೇ ಇದ್ದು ಕಾಡುಬಿದ್ದ ಹೋರಿ ಹತ್ತಿರ ಸೇರಿಸುವುದಿಲ್ಲ. ಅದರ ಕೊಂಬಿಗೆ ದೂರದಿಂದಲೇ ಕುಣಿಕೆ ಎಸೆದು ಹಿಡಿಯಬೇಕು.

ಮೊದಲ ಕಂಬಕ್ಕೆ ಎಸೆದ. ಕುಣಿಕೆ ತಗಲಿ ಜಾರಿ ನೀರಿಗೆ ಬಿತ್ತು.

"ನಿಂತ್ಕಂಡು ಎಸೆದು ರೂಢಿ, ಓಗ್ತಾ ಓಗ್ತಾ ಎಸೆದು ರೂಢಿ ಇಲ್ಲ" ಎಂದು ತನಗೆ ತಾನೇ ಹೇಳಿಕೊಂಡು ಹಗ್ಗ ಸುತ್ತಿಕೊಂಡ. ಎರಡನೆಯ ಕಂಬ ದೂರವಿತ್ತು, ಎಸೆಯಲಿಲ್ಲ, ಬಿಟ್ಟ. ಮೂರನೆಯದಕ್ಕೆ ಎಸೆದ. ಕುಣಿಕೆ ಕಂಬದ ತಲೆಗೆ ಬಿದ್ದು ಕೂತಿತು.

ಹಗ್ಗದ ಇನ್ನೊಂದು ತುದಿಯನ್ನು ಅವನು ಚಾಪೆಯ ಕಮಾನಿನ ಬುಡಕ್ಕೆ, ದೋಣಿಯ ನಡು ಮಗ್ಗುಲಿಗೆ, ಗೂಟಕ್ಕೆ ಎತ್ತು ಕಟ್ಟಿದ ಹಾಗೆ ಗಿಡ್ಡವಾಗಿ ಬಿಗಿದ. ಹಗ್ಗ ಜಗ್ಗಿತು. ದೋಣಿ ಅಡ್ಡ ನಿಂತು ಒಂದು ಮಗ್ಗುಲಿಗೆ ವಾಲಿ ನೀರು ಒಳಗೆ ನುಗ್ಗಿತು. ನನ್ನ ಪುಸ್ತಕ ನೆನೆದದ್ದು ಆಗಲೇ. ವೇಲಾಯುಧನ್ ನನ್ನನ್ನು ದಾಟಿ ಓಡಿದ; ಮಾದಪ್ಪನ ಕೈಯನ್ನು ಸರಿಸಿ, ಗಂಟು ಬಿಚ್ಚಿ, ಹಗ್ಗವನ್ನು ಸಡಿಲ ಬಿಡುತ್ತ ಬಿಡುತ್ತ ದೋಣಿಯ ಮೂತಿಗೆ ಒಯ್ದು ಅಲ್ಲಿ ಸುತ್ತಿದ. ದೋಣಿ ಮೆಲ್ಲಗೆ ತಿರುಗಿ, ನೀರಿಗೆ ಎದುರು ಮುಖವಾಗಿ, ನೆಟ್ಟಗೆ ನಿಂತಿತು.

ನೀರು ಎರಡು ಕಡೆಯಿಂದ ಹರಿದು ಹೋಗುತ್ತಿತ್ತು.

"ಅಗ್ಗ ತಡೀತದಾ?" ಎಂದ ಮಾದಪ್ಪ. ವೇಲಾಯುಧನ್ ಹಗ್ಗವನ್ನು ಮುಟ್ಟಿ ನೋಡಿದ. ಈ ಸಲ ಕೊಳೆಯುವ ಸನ್ನೆ ಮಾಡಲಿಲ್ಲ.

ನೀರಿನ ಎಳೆತ ಕಡಿಮೆಯಾಗುವ ತನಕ ಒಂದೂವರೆ ಗಂಟೆ ಅಲ್ಲೇ ಇದ್ದೆವು. ನಾನೂ ಮಾದಪ್ಪನೂ ತಂಬಿಗೆಯಲ್ಲಿ ನೀರು ಹೊರಗೆ ಚೆಲ್ಲಿದೆವು. ಗಫಾರ್ ಒದ್ದೆ ಬಟ್ಟೆ ಸುತ್ತಿ ನಳಿಗೆ ತಣಿಸಿದ. ಆ ಹೊತ್ತಿನಲ್ಲಿ ಕಂಬದ ಒಡೆಯ ಚಿಕ್ಕ ದೋಣಿಯಲ್ಲಿ ಬಂದು ವೇಲಾಯುಧನನ್ನು ಗದರಿಕೊಂಡ. ವೇಲಾಯುಧನ್ ನಮ್ಮ ಕಡೆ ಗದ್ದದಿಂದ ತೋರಿಸಿ ಎರಡು ಪದ ಹೇಳಿದ. ಆತನ ಕೋಪ ಅಲ್ಲಿಗೇ ಇಳಿಯಿತು. ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿ, ಮೂರು ಎಳನೀರು ದೋಣಿಗೆ ಹಾಕಿ ಹೊರಟುಹೋದ.

"ಏನಂದ?" ಎಂದೆ.

"ಘಟ್ಟದ ಮೇಲಿನವರು ಅಂದ. ಅಷ್ಟೆ" ಎಂದ ಗಫಾರ್.

ಎಂಟು ಗಂಟೆಯ ಸುಮಾರಿಗೆ ನೀರು ನಿಂತಿತು. ಎಂಜಿನ್ನು ಎರಡನೆಯ ಹ್ಯಾಂಡಲಿಗೆ ಹತ್ತಿತು.

ಕಾಲುವೆ

ಚೇಟುವಾ ದಾಟಿ ಮತ್ತೆ ಕಾಲುವೆ ಹೊಕ್ಕಮೇಲೆ ಗಫಾರ್ ಹಾರನ್ ಒತ್ತಲಿಲ್ಲ. ಕಡ್ಡಿ ಇಳಿಸಿ ನೋಡಿದೆ. ಏರತೊಡಗಿದ್ದ ನೀರು ಈಗ ನಮ್ಮ ದಿಕ್ಕಿಗೇ ನೂಕುತ್ತಿದ್ದರಿಂದ, ಅಚ್ಚರಿಯೆಂದರೆ, ಪೆಟ್ರೋಲು ಸಾಕಾಗುವಷ್ಟಿತ್ತು. ಸಮಯವೂ ಇತ್ತು. ವೇಲಾಯುಧನ್ ಗಳ ಇಳಿಸಿದ್ದನಾದರೂ ಅದು ನೆಲ ಮುಟ್ಟಿರಲಿಲ್ಲ, ದೋಣಿ ನೂಕಿರಲಿಲ್ಲ. ಹಾಜಿಯವರ ಮೂರು ಷರತ್ತೂ ಮುರಿಯದೆ ಉಳಿದಿದ್ದವು. ಅಳಿವೆಯಲ್ಲಿ ಏನಾಯಿತೆಂದು ನಾವು ಹೇಳದಿದ್ದರೆ ಯಾರಿಗೂ ತಿಳಿಯುವಂತಿರಲಿಲ್ಲ. ತಿಳಿದರೆ ಹಾಜಿಯವರು ಗಫಾರನ ಕೈಗೆ ಇನ್ನೊಂದು ದೋಣಿ ಕೊಡುವುದು ಸಂಶಯ. ಅಂಬಿಗನನ್ನು ಕೇಳಿದರೆ ಹೇಳಿಯಾನು. ಕೇಳದೆ ಬಾಯಿ ಬಿಡುವ ಆಳಲ್ಲ.

ನಾನು ಒದ್ದೆ ಪುಸ್ತಕವನ್ನು ಬಿಸಿಲಿಗೆ ಬಿಡಿಸಿಟ್ಟಿದ್ದೆ. ಮಾದಪ್ಪ ಪಕ್ಕದಲ್ಲಿ ಬಂದು ಕೂತ.

"ರಾಜಣ್ಣೋರೆ, ಬರ್ದ್ಬುಟ್ರಾ?"

"ಬರೆದಾಯಿತು."

"ಆ ಒಂದು ಆಳೆ ನೀರಲ್ಲಿ ಓಯ್ತು ಅನ್ಕಳಿ. ನಿಜ್ವಾಗ್ಲೂ ನೆಂದದಲ್ಲ, ಸುಳ್ಳೇನಲ್ಲ."

"ಅಕ್ಷರ ಹೋಗಿಲ್ಲ ಮಾದಪ್ಪ."

"ಅವ್ನು ಮೈಸೂರ್ಗೋಗಿ ಆ ಉಡುಗನ್ ತಾವ ಕೈಕಟ್ಟಿ ನಿಂತ್ಕಬೇಕಾಯ್ತದೆ. ನಿಮ್ ಜತೇಲಿ ಓದ್ದೋನು."

ಹೌದೆಂದೆ. ಅದು ನನಗೂ ಗೊತ್ತಿತ್ತು. ಸುದ್ದಿಮನೆಯಲ್ಲಿ ನನಗೆ ಮೊದಲು ಹೇಳಿಕೊಟ್ಟದ್ದು, ಕಂಡವರ ಮುಖ ನೋಡಿ ಬರೆಯಬೇಡ ಎಂದು. ಆದರೆ ಅಲ್ಲಿ ಮುಖಗಳು ದೂರ ಇರುತ್ತವೆ. ಇಲ್ಲಿ ಐದು ಮಾರು ಮುಂದೆ, ಸ್ಟೀರಿಂಗ್ ಹಿಡಿದು, ಬೆನ್ನು ನಮ್ಮ ಕಡೆ ಮಾಡಿ ಕೂತಿತ್ತು. ಗಫಾರನಿಗೆ ನಮ್ಮ ಮಾತು ಕೇಳಿಸಿರಬೇಕು. ಅವನು ತಿರುಗಲಿಲ್ಲ, ಏನೂ ಕೇಳಲಿಲ್ಲ. ಕೇಳಿದ್ದರೆ ನಾನೇನು ಹೇಳುತ್ತಿದ್ದೆನೋ ಇವತ್ತಿಗೂ ಖಚಿತವಿಲ್ಲ.

ಕೋಟ್ಟಪ್ಪುರಂ

ನಮಾಜಿಗೆ ಕರೆಯುವ ಬಾಂಗಿಗೆ ಹತ್ತು ನಿಮಿಷ ಮುಂಚೆ ಸಂತೆಕಟ್ಟೆಗೆ ದೋಣಿ ತಾಗಿತು. ಎರಡನೆಯ ಟಿನ್ನಿನ ತಳದಲ್ಲಿ ಎರಡು ಬೆರಳಷ್ಟು ಪೆಟ್ರೋಲು ಉಳಿದಿತ್ತು. ಹಾಜಿಯವರು ರಸ್ತೆಯಲ್ಲಿ ಮುಂಚೆಯೇ ಬಂದು ಕಟ್ಟೆಯ ಮೇಲೇ ಕಾಯುತ್ತಿದ್ದರು. ಬಿಳಿ ಟೋಪಿ, ಬಿಳಿ ಮುಂಡು, ನಿಧಾನದ ಮನುಷ್ಯ. ಟಿನ್ನಿನೊಳಗೆ ಇಣುಕಿ ನೋಡಿ ಗಫಾರನ ಭುಜ ತಟ್ಟಿದರು. ನಮಾಜು ಮುಗಿಸಿ ಬರುವುದಾಗಿ ಹೇಳಿ ಗಫಾರನನ್ನೂ ಕರೆದುಕೊಂಡು ಹೋದರು.

ಅವರು ಬಂದದ್ದು ಒಂದು ಗಂಟೆಯ ಮೇಲೆ. ಅಂಗಡಿಯೊಂದರ ಜಗಲಿಯಲ್ಲಿ ಕೂತರು. ಚಹಾ ಬಂತು. ನನ್ನ ಕಡೆ ಕೈ ಚಾಚಿದರು. ಪುಸ್ತಕ ಕೊಟ್ಟೆ. ಹಾಳೆ ತಿರುವಿ ನೋಡಿ ನಕ್ಕರು. ಅವರಿಗೆ ಕನ್ನಡ ಬಾರದು. ಪುಸ್ತಕವನ್ನು ಗಫಾರನ ಕೈಗೆ ಕೊಟ್ಟು, ಓದಿ ಹೇಳು ಎಂಬಂತೆ ಸನ್ನೆ ಮಾಡಿದರು.

ಸಾಕ್ಷಿಯನ್ನು ನೇಮಿಸಿದವರು ಆ ಸಾಕ್ಷಿಯ ಭಾಷೆ ತಮಗೆ ಬಾರದೆಂಬುದನ್ನು ಯೋಚಿಸಿರಲಿಲ್ಲ. ನಾನೂ ಯೋಚಿಸಿರಲಿಲ್ಲ. ನಾನು ಬರೆದದ್ದು ಬರೆಯದಿದ್ದದ್ದು ಎಲ್ಲ ಈಗ ಒಂದೇ ಆಗಿತ್ತು. ಗಫಾರ್ ಏನು ಓದ ಬಯಸುತ್ತಾನೋ ಅದೇ ದಾಖಲೆ.

ಮಾದಪ್ಪ ಚಹಾದ ಲೋಟವನ್ನು ಕೆಳಗಿಟ್ಟ. ವೇಲಾಯುಧನ್ ಕಂಬಕ್ಕೆ ಒರಗಿ ನಿಂತಿದ್ದ. ನಾನು ಅವನ ಮುಖವನ್ನೇ ನೋಡುತ್ತ ಕೂತೆ. ಗಫಾರ್ ಏನಾದರೂ ಬಿಟ್ಟರೆ ಅಲ್ಲಿ ತಿಳಿಯುತ್ತಿತ್ತು.

ಗಫಾರ್ ಓದಿದ. ಪೊನ್ನಾನಿ, ಲಂಗರು. ವೆಳಿಯಂಗೋಡು, ಎಂಜಿನ್ ಆಫ್. ಊರಿನ ಹೆಸರುಗಳಿಂದ ನಾನು ದಾರಿ ಹಿಡಿದುಕೊಂಡು ಹೋದೆ. ಚಾವಕ್ಕಾಡು. ಚೇಟುವಾ. ಅಲ್ಲಿ ಅವನು ನಿಂತ. ಅಂಟಿಕೊಂಡ ಹಾಳೆಯನ್ನು ಉಗುರಿನಿಂದ ಬಿಡಿಸಿದ. ಬಿಡಿಸಲು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡ. ಆಮೇಲೆ "ಎಂಜಿನ್ ಆಫ್" ಎಂಬ ಎರಡು ಪದಗಳು ಸ್ಪಷ್ಟವಾಗಿ ಕೇಳಿಸಿದವು.

ಅವನು ಪೂರ್ತಿ ಓದಿದ. ಆ ಹಾಳೆಯಲ್ಲಿ ನಾನು ಬರೆದದ್ದು ಹದಿನೈದು ಸಾಲು. ಸಾಲುಗಳು ಮುಗಿದವೆಂದು ಅವನ ಕಣ್ಣಿನಿಂದ ನನಗೆ ತಿಳಿಯಿತು. ಆದರೆ ಅವನು ಮಾತು ನಿಲ್ಲಿಸಲಿಲ್ಲ. ಪುಸ್ತಕವನ್ನು ಮಡಿಸಿ, ತೊಡೆಯ ಮೇಲಿಟ್ಟು, ವೇಲಾಯುಧನ ಹೆಸರು ಹೇಳಿ ಇನ್ನೂ ಒಂದೆರಡು ಮಾತಾಡಿದ. ಕಂಬಕ್ಕೆ ಒರಗಿದ್ದ ಮುದುಕ ನೆಟ್ಟಗೆ ನಿಂತ.

ಹಾಜಿಯವರು ವೇಲಾಯುಧನನ್ನು ಏನೋ ಕೇಳಿದರು. ಅವನು ಚುಟುಕಾಗಿ ಉತ್ತರ ಕೊಟ್ಟ. ಹಾಜಿಯವರು ಗಫಾರನಿಗೆ ಎರಡು ಮಾತು ಹೇಳಿ, ಎದ್ದು, ನಮ್ಮಿಬ್ಬರಿಗೂ ತಲೆಬಾಗಿ ಹೊರಟುಹೋದರು.

"ಏನಾಯ್ತ್ಲಾ?" ಎಂದ ಮಾದಪ್ಪ.

"ಎಂಜಿನ್ನು ದೋಣಿಲೇ ಇರ್ಲಿ ಅಂದ್ರು. ನಾನು ಒಂದು ಮಳೆಗಾಲ ಇಲ್ಲೇ ಇರ್ಬೇಕಂತೆ. ಎಂಜಿನ್ ಇಲ್ಲದ ದೋಣೀಲಿ, ವೇಲಾಯುಧನ ಕೈಕೆಳಗೆ, ಗಳ ಹಿಡ್ಕೊಂಡು. ಅವನು ಸಾಕು ಅಂದ ಮೇಲೆ ಎಂಜಿನ್ ಮುಟ್ಬೇಕಂತೆ."

"ಹಾಜಿಯವರು ಅವನನ್ನು ಏನು ಕೇಳಿದರು?" ಎಂದೆ.

"ಇವನಿಗೆ ಕಲಿಸ್ತೀಯಾ ಅಂತ. ಕೇಳಿಸ್ಕೊಳ್ಳೋದು ಕಲ್ತ್ರೆ ಉಳಿದಿದ್ದು ಬರುತ್ತೆ ಅಂದ."

ಮರಳಿ

ಕೋಳಿಕ್ಕೋಡಿನಿಂದ ಬಸ್ಸಿನಲ್ಲಿ ಮೂವರೂ ಘಟ್ಟ ಹತ್ತಿ ಬಂದೆವು. ಷೆಡ್ಡಿಗೆ ಬೀಗ ಹಾಕಿ ಗಫಾರ್ ಮಳೆಗೆ ಮುಂಚೆ ಮತ್ತೆ ಘಟ್ಟ ಇಳಿಯುವವನಿದ್ದ. ಮೂಲೆಹೊಳೆ ದಾಟುವ ತನಕ ಮಾದಪ್ಪ ನಿದ್ದೆ ಮಾಡಿದ. ತೊಡೆಯ ಮೇಲೆ ಹಗ್ಗವಿರಲಿಲ್ಲ. ಅದನ್ನು ವೇಲಾಯುಧನಿಗೆ ಕೊಟ್ಟು, ಬದಲಿಗೆ ನಾರಿನ ಹಗ್ಗ ತಂದಿದ್ದ. ಅದು ಚುಚ್ಚುತ್ತದೆಂದು ಸೀಟಿನ ಕೆಳಗೆ ಇಟ್ಟಿದ್ದ.

"ನಾನು ಬರೆದದ್ದು ಹದಿನೈದು ಸಾಲು" ಎಂದು ನಾನು ಗಫಾರನಿಗೆ ಹೇಳಿದೆ. "ನೀನು ಅದಕ್ಕಿಂತ ಹೆಚ್ಚು ಓದಿದೆ."

ಅವನು ಕಿಟಕಿಯಾಚೆ ನೋಡುತ್ತಲೇ ಉತ್ತರ ಕೊಟ್ಟ.

"ವೇಲಾಯುಧನ್ ಅವತ್ತು ಬಲೆ ವಿಷಯ ಹೇಳ್ಲಿಲ್ಲ ರಾಜಣ್ಣ. ಇಲ್ಲಿ ಬಂದ್ ಮಾಡಬೇಡ, ಇವತ್ತು ವಾವು, ಅಂದ್ರೆ ಅಮಾವಾಸ್ಯೆ, ನೀರು ಅಳಿವೆಗೆ ಎಳೀತದೆ, ನನ್ನ ಗಳ ನೆಲ ಮುಟ್ಟಲ್ಲ ಅಂದ. ಎಲ್ಲ ಬಿಡಿಸಿ ಹೇಳಿದ್ದ. ನಿಂಗೆ ಹೇಳಿದ್ರೆ ನೀನು ಬರ್ಕೊತಿದ್ದೆ. ಅದಕ್ಕೆ ಬಲೆ ಅಂದೆ."

ನಾನು ಪುಸ್ತಕ ತೆಗೆದೆ. ಬಸ್ಸಿನ ಕುಲುಕಾಟದಲ್ಲಿ ಅಕ್ಷರ ಸೊಟ್ಟಗಾದವು. ಚೇಟುವಾದ ಹಾಳೆಯ ಅಂಚಿನಲ್ಲಿ ಆ ಮಾತನ್ನು ಬರೆದು ಅವನಿಗೆ ತೋರಿಸಿದೆ. ಅವನು ಓದಿದ. ಪೆನ್ಸಿಲು ಕೇಳಿ ತೆಗೆದುಕೊಂಡು ನಾನು ಬರೆದಿದ್ದ 'ಅಂಬಿಗ' ಎಂಬುದನ್ನು ಹೊಡೆದುಹಾಕಿ 'ವೇಲಾಯುಧನ್' ಎಂದು ಬರೆದ.

ಕಾಡು ಮುಗಿದು ಬಯಲು ಕಾಣುವಲ್ಲಿ ಇಳಿಜಾರು ಬಂತು. ಡ್ರೈವರ್ ರೂಢಿಯಂತೆ ಎಂಜಿನ್ನು ಬಂದ್ ಮಾಡಿದ. ಬಸ್ಸು ಸದ್ದಿಲ್ಲದೆ ಜಾರತೊಡಗಿತು. ಗಫಾರನ ಬಲಗಾಲು ಹಲಗೆಯನ್ನು ಒತ್ತಿತು. ಗುಂಡ್ಲುಪೇಟೆಯ ಮೊದಲ ಮನೆಗಳು ಕಾಣುವ ತನಕ ಅವನು ಅದನ್ನು ತೆಗೆಯಲಿಲ್ಲ.